ಬಂದವರಿಗೆ ಸೀ ನೀರು

"ಮೇಡಂ, ಒಂದು ಸಣ್ಣ ಪ್ರಶ್ನಿ. ಎಕ್ಕಿಹಾಳದ ಆ ಹನ್ನೆರಡು ಬಾಟ್ಲಿ ತುಂಬಿದವರು ಯಾರ್ರಿ?"

ಚಪ್ಪಾಳೆ ಇನ್ನೂ ಪೂರ್ತಿ ನಿಂತಿರಲಿಲ್ಲ. ವೇದಿಕೆ ಇಳಿಯಲು ಮಲ್ಲೇಶ್ವರಿ ಎತ್ತಿದ್ದ ಹೆಜ್ಜೆ ಅಲ್ಲೇ ನಿಂತಿತು.

ಪ್ರಶ್ನೆ ಬಂದದ್ದು ಕೊನೆಯ ಸಾಲಿನಿಂದ. ಕನ್ನಡಕ, ತೋಳು ಮಡಚಿದ ನೀಲಿ ಅಂಗಿ, ಮೂವತ್ತರ ಆಸುಪಾಸಿನ ಮುಖ. ಆ ಮುಖದಲ್ಲಿ ವ್ಯಂಗ್ಯವೇನೂ ಇರಲಿಲ್ಲ. ಅದೇ ಅವಳನ್ನು ಹೆಚ್ಚು ಹೆದರಿಸಿತು.

ಕೊಪ್ಪಳದ ಆ ಕಾಲೇಜಿನಲ್ಲಿ ಅಂದು ಎಲ್ಲ ವಿಷಯಗಳ ಸಂಶೋಧಕರನ್ನೂ ಒಂದೇ ಸಭಾಂಗಣದಲ್ಲಿ ಕೂಡಿಸಿದ್ದರು. ಭತ್ತದ ಹುಳುವಿನ ಮೇಲೆ ಒಬ್ಬರು, ಸಕ್ಕರೆ ಕಾಯಿಲೆಯ ಮೇಲೆ ಒಬ್ಬರು, ಎರೆ ಮಣ್ಣಿನ ಮೇಲೆ ಇನ್ನೊಬ್ಬರು... ಸಂತೆಯಲ್ಲಿ ಬದನೆಕಾಯಿಯ ಪಕ್ಕ ಬಳೆ ಮಾರಿದ ಹಾಗೆ!

ಮಲ್ಲೇಶ್ವರಿಯದು ನೀರು. ಯಲಬುರ್ಗಾ, ಕುಷ್ಟಗಿ ತಾಲೂಕುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂಬುದು ಅವಳ ಮೂರು ವರ್ಷದ ಪಿಎಚ್‌ಡಿ ಕೆಲಸ. ಅದು ಹೆಚ್ಚಾದರೆ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ, ದೊಡ್ಡವರ ಮೊಣಕಾಲು ಬಿಗಿಯುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ತಕ್ಕದ್ದಲ್ಲ.

ಅವಳು ತಿರುಗಿದ ಹಳ್ಳಿಗಳು ಹೆಚ್ಚುಕಡಿಮೆ ಎಲ್ಲವೂ ಆ ಗೆರೆ ದಾಟಿದ್ದವು. ಎಕ್ಕಿಹಾಳವೊಂದನ್ನು ಬಿಟ್ಟು! ಅಲ್ಲಿ ಬರೀ ಸೊನ್ನೆ ಪಾಯಿಂಟ್ ಆರು. ಕೆಟ್ಟ ನೀರಿನ ನಡುವೆ ಒಂದು ಒಳ್ಳೆಯ ನೀರಿನ ಊರು. ಅದಕ್ಕೇ ಈ ಚಪ್ಪಾಳೆ.

"ನಾನೇ ತುಂಬಿದ್ದು," ಎಂದಳು.

ಧ್ವನಿ ಬೇಕಾದ್ದಕ್ಕಿಂತ ಜೋರಾಗಿಯೇ ಬಂತು. ಸುಳ್ಳಿಗೆ ಯಾವಾಗಲೂ ಗಂಟಲು ದೊಡ್ಡದು.

"ಹನ್ನೆರಡೂ ನೀವೇ ಏನ್ರಿ?"

"ಹೌದ್ರಿ! ಒಂದೊಂದೂ ಬೋರಿನ ಬಾಯಿಗೆ ಹಿಡಿದು ನಾನೇ ತುಂಬೀನಿ. ಯಾಕ, ಅನುಮಾನ ಐತೇನು?"

"ಇಲ್ರಿ... ಅಷ್ಟ ಸಾಕು."

ಅವನು ಕುಳಿತ. ಸುಳ್ಳು ಹೇಳಿದ್ದು ಅವಳು, ತಲೆ ತಗ್ಗಿಸಿದ್ದು ಅವನು.

ಮುಂದಿನ ಸಾಲಿನಲ್ಲಿದ್ದ ಅವಳ ಗೈಡ್ ಶೋಭಾರಾಣಿ ಮೇಡಂ ಹೆಮ್ಮೆಯಿಂದ ಬೆನ್ನು ತಟ್ಟಿ ಪಕ್ಕದಲ್ಲಿ ಕೂರಿಸಿಕೊಂಡರು. 

'ಯಾರಿವನು? ಇವನಿಗೆ ಹೇಗೆ ಗೊತ್ತು?'

ಏನು ನಡೆದಿತ್ತೆಂದು ನಿಮಗಾದರೂ ಹೇಳಿಬಿಡುತ್ತೇನೆ. ಅವಳಂತೂ ತನಗೆ ತಾನೇ ಇನ್ನೂ ಹೇಳಿಕೊಂಡಿರಲಿಲ್ಲ.

ಹೋದ ವರ್ಷದ ಮೇ ತಿಂಗಳು. ತಳಕಲ್‌ನಿಂದ ಟಂಟಂ ಆಟೋ ಹಿಡಿದು ಎಕ್ಕಿಹಾಳ ಮುಟ್ಟುವಷ್ಟರಲ್ಲಿ ಬಿಸಿಲಿಗೆ ಅವಳ ತಲೆ ಗಿರ್ರೆನ್ನುತ್ತಿತ್ತು. ಪಾರ್ವತೆಮ್ಮ ಎಂಬ ಅಜ್ಜಿ ಕೈ ಹಿಡಿದು ಕಟ್ಟೆಯ ಮೇಲೆ ಕೂರಿಸಿದಳು. ಜೋಳದ ರೊಟ್ಟಿ, ಪುಂಡಿಪಲ್ಯ ಬಡಿಸಿದಳು. "ಬಾಟ್ಲಿ ಇತ್ತ ಕೊಡ ಯವ್ವಾ. ಓಣ್ಯಾಗಿನ ಹೆಣ್ಮಕ್ಕಳು ತುಂಬಿ ತರ್ತಾರ. ನೀ ಉಣ್ಣು," ಎಂದಳು. ನಾಲ್ಕು ಗಂಟೆಯ ಟಂಟಂ ತಪ್ಪಿದರೆ ಬೇರೆ ದಿಕ್ಕಿಲ್ಲ. ಮಲ್ಲೇಶ್ವರಿ ಕೊಟ್ಟುಬಿಟ್ಟಳು.

ಅರ್ಧ ತಾಸಿನಲ್ಲಿ ಹನ್ನೆರಡೂ ತುಂಬಿ ಬಂದವು. ನೋಟ್‌ಬುಕ್ಕಿನಲ್ಲಿ ಅವಳು ಬರೆದಳು: 'ಮೂಲ: ಬೋರ್‌ವೆಲ್. ಸಂಗ್ರಹಿಸಿದವರು: ಸ್ವತಃ.'

ಆಮೇಲೆ ಲ್ಯಾಬಿನಲ್ಲಿ ಹನ್ನೆರಡಕ್ಕೂ ಒಂದೇ ಅಂಕಿ ಬಂತು. ಹನ್ನೆರಡು ಬೋರು, ಹನ್ನೆರಡು ಆಳ, ಅಂಕಿ ಮಾತ್ರ ಒಂದೇ! ಅವಳಿಗೆ ಅನುಮಾನ ಬರಲಿಲ್ಲವೆಂದಲ್ಲ. ಬಂತು. ಆದರೆ ಮೇಡಂ ಖುಷಿಯಿಂದ "ಇದ ನೋಡು ನಿನ್ನ ಹೊಸ ಶೋಧ!" ಎಂದುಬಿಟ್ಟರು. ಅನುಮಾನ ಬಾಯಿ ಮುಚ್ಚಿಕೊಂಡು ಮೂಲೆಗೆ ಹೋಗಿ ಕುಳಿತಿತು.

ಇಂದು ಅದು ಎದ್ದು ಬಂದಿತ್ತು.

"ಮುಂದಿನವರು ತಳಕಲ್‌ನ ದುರಗೇಶ," ಎಂದರು ಅಧ್ಯಕ್ಷರು. "ಹೈದರಾಬಾದಿನಲ್ಲಿ ಜಪಾನಿ ಭಾಷಾಶಾಸ್ತ್ರದ ಸಂಶೋಧಕರು."

ಸಭೆಯಲ್ಲಿ ನಗು ಎದ್ದಿತು. ಎತ್ತಣ ತಳಕಲ್, ಎತ್ತಣ ಜಪಾನು! ಎದ್ದು ಬಂದವನು ಅದೇ ನೀಲಿ ಅಂಗಿಯವನು.

"ನಗ್ರಿ, ನಮ್ಮವ್ವನೂ ಹಿಂಗ ನಗ್ತಾಳ," ಎಂದು ಅವನು ಶುರು ಮಾಡಿದ. "ಜಪಾನಿನವರು ಮಾತಿನ ತುದಿಗೆ ಮರ್ಯಾದಿ ಇಡ್ತಾರ. ನಾವು 'ರಿ' ಅಂತೀವಲ್ಲ, ಹಂಗ. ತುದಿ ಬದಲಾದ್ರ ಇಬ್ಬರ ನಡುವಿನ ನಂಟ ಬದಲಾಗ್ತೈತಿ. ಅದನ್ನ ನೋಡಾಕ ಹಳ್ಳಿ ಹಳ್ಳಿ ತಿರುಗಿ ಮಾತು ರೆಕಾರ್ಡ್ ಮಾಡೀನಿ. ಕೇಳ್ರಿ."

ಒಂದೊಂದೇ ಧ್ವನಿ ಬಂತು. ಆರನೆಯದು ಬಂದಾಗ ಮಲ್ಲೇಶ್ವರಿ ತಟ್ಟನೆ ತಲೆ ಎತ್ತಿದಳು.

"ಬರ್ರಿ ಸರ, ನೆಳ್ಳಾಗ ಕುಂದರ್ರಿ..."

ಪಾರ್ವತೆಮ್ಮ! ಅದೇ ಕಟ್ಟೆ, ಅದೇ ಧ್ವನಿ!

ದುರಗೇಶನ ಬೆರಳು ಏಳನೆಯದರ ಮೇಲೆ ಹೋಯಿತು. ಅವನು ತಲೆ ಎತ್ತಿ ಸಭೆಯಲ್ಲಿ ಯಾರನ್ನೋ ಹುಡುಕಿದ. ಅವಳ ಕಣ್ಣಿಗೆ ಕಣ್ಣು ತಾಗಿತು.

"ಏಳನೇದು... ಇವತ್ತು ಬ್ಯಾಡ," ಎಂದು ಎಂಟಕ್ಕೆ ಹೋದ.

ಚಹಾದ ಹೊತ್ತಿಗೆ ಎಲ್ಲರೂ ಮಂಡಕ್ಕಿ, ಮಿರ್ಚಿಯ ಸುತ್ತ ಮುತ್ತಿಕೊಂಡಿದ್ದರು. ಅವನು ಬೇವಿನ ಮರದ ಕೆಳಗೆ ಒಬ್ಬನೇ ನಿಂತಿದ್ದ. ಮಲ್ಲೇಶ್ವರಿ ನೇರ ಹೋಗಿ ಎದುರು ನಿಂತಳು.

"ಜಪಾನಿ ಓದಾವ್ರಿಗೆ ನನ್ನ ಬಾಟ್ಲಿ ಉಸಾಬರಿ ಯಾಕ್ರಿ?"

ಅವನು ಕಿಸೆಯಿಂದ ಫೋನ್ ತೆಗೆದ.

"ಕೇಳಿದ್ರ ನಿಮಗ ನೋವಾಗ್ತೈತಿ. ಕೇಳದಿದ್ರ ಎಕ್ಕಿಹಾಳಕ್ಕ," ಎಂದು ಇಯರ್‌ಫೋನ್ ಮುಂದೆ ಹಿಡಿದ.

ಅವಳು ಕಿವಿಗೆ ಹಚ್ಚಿಕೊಂಡಳು. ಪಾರ್ವತೆಮ್ಮನ ನಗು ಮೊದಲು ಬಂತು, ಮಾತು ಆಮೇಲೆ.

"ಆ ಕೂಸು ಬಿಸಲಾಗ ಬಂದಿತ್ರಿ ಸರ. ಬಾಟ್ಲಿಗೆ ನೀರು ಬೇಕು ಅಂತು. ಬಂದವ್ರಿಗೆ ನಮ್ಮ ಸವಳು ನೀರು ಕೊಡಾಕ ಆಕ್ಕೈತೇನು? ಬೋರಿನ ನೀರಿಗೆ ದನಾನೂ ಮುಸುಡಿ ತಿರುವ್ತಾವ. ಗುಡ್ಡದ ಬುಡಕಿನ ಬಾವಿಯಿಂದ ಹೊತ್ತು ತಂದ ಸೀ ನೀರಿತ್ತು. ಓಣಿ ಮಂದಿ ಎಲ್ಲಾ ಅದ್ನ ತುಂಬಿ ಕೊಟ್ವಿ. ಬಂದವ್ರಿಗೆ ಸೀ ನೀರು, ಮನಿಯವ್ರಿಗೆ ಇದ್ದ ನೀರು!"

ಹಿಂದೆ ಹೆಂಗಸರ ನಗು. ಎಂಥ ನಿಷ್ಕಪಟ ನಗು!

ಮಲ್ಲೇಶ್ವರಿ ಇಯರ್‌ಫೋನ್ ತೆಗೆದಳು. ಈಗಷ್ಟೇ ನೂರು ಜನರ ಮುಂದೆ 'ಬೋರಿನ ಬಾಯಿಗೆ ಹಿಡಿದು ನಾನೇ ತುಂಬೀನಿ' ಎಂದಿದ್ದಳು. ಕೇಳುತ್ತ ನಿಂತಿದ್ದ ಈ ಮನುಷ್ಯನ ಕಿಸೆಯಲ್ಲಿ ಆಗಲೇ ನಿಜ ಇತ್ತು.

"ಇದು... ಯಾವಾಗಿಂದು?"

"ಡಿಸೆಂಬರ್‌ದು. ಆ ಹುಡುಗಿ ಯಾರಂತ ಗೊತ್ತಿರಲಿಲ್ಲ. ಇವತ್ತು ಪರದೆ ಮ್ಯಾಲೆ ಎಕ್ಕಿಹಾಳ ಅಂತ ನೋಡಿದ ಮ್ಯಾಲೆ ತಿಳೀತು."

"ಯಾರ್ಯಾರಿಗೆ ಕೇಳ್ಸೀರಿ?"

"ಯಾರಿಗೂ ಇಲ್ಲ."

"ಮುಂದ?"

"ಮುಂದಿಂದು ನಿಮ್ಮ ಕೈಯಾಗ ಐತ್ರಿ."

ಮೆತ್ತಗೆ ಹೇಳಿದ ಮಾತು. ಆದರೆ ನಾಚಿಕೆಯಿಂದ ಬೇಯುತ್ತಿದ್ದ ಕಿವಿಗೆ ಅದು ಬೆದರಿಕೆಯಾಗಿಯೇ ಕೇಳಿಸಿತು.

"ಅಂದ್ರ ನನ್ನ ಮರ್ಯಾದಿ ನಿಮ್ಮ ಕಿಸೇದಾಗ ಐತಿ ಅಂತ ತೋರ್ಸಿದ್ರ್ಯಾ?"

"ಹಂಗಲ್ರಿ ಮೇಡಂ..."

"ಸಾಕು ಬಿಡ್ರಿ! ಏನ್ ಬೇಕು ನಿಮಗ? ನಾನು ಕೈ ಮುಗೀಬೇಕಾ?"

ಇಯರ್‌ಫೋನನ್ನು ಅವನ ಕೈಗೆ ತುರುಕಿ ಹೊರಟಳು. ಹಿಂದಿನಿಂದ ಅವನ ಧ್ವನಿ ಬಂತು.

"ಏಳನೇದು ಯಾಕ ಬಿಟ್ಟೆ ಅಂತ ನೀವು ಕೇಳಲಿಲ್ಲ..."

ಅವಳು ತಿರುಗಿ ನೋಡಲಿಲ್ಲ. ತಿರುಗಿದ್ದರೆ ಕಣ್ಣೀರು ಕಾಣಿಸುತ್ತಿತ್ತು.

ಗಂಗಾವತಿಯ ಮನೆ ಮುಟ್ಟಿದಾಗ ಅಪ್ಪ ಹನಮಪ್ಪ ಬಾಗಿಲಲ್ಲೇ ಕುಳಿತಿದ್ದ. ಮೂವತ್ತು ವರ್ಷ ರೈಸ್ ಮಿಲ್ಲಿನಲ್ಲಿ ಚೀಲ ಹೊತ್ತ ಹಮಾಲ. ಅಂಗಿಯ ಕಿಸೆಯಲ್ಲಿ ನಾಲ್ಕು ಮಡಿಕೆಯ ಪೇಪರ್ ತುಣುಕು. ಅದರಲ್ಲಿ ಮಗಳ ಫೋಟೋ, ಕೆಳಗೆ 'ಎಕ್ಕಿಹಾಳದ ನೀರು ಸುರಕ್ಷಿತ'.

"ಇವತ್ತು ಮಿಲ್ಲಿನ್ಯಾಗ ಎಲ್ಲಾರಿಗೂ ತೋರ್ಸಿದೆ," ಎಂದ. "ನನ್ನ ಮಗಳು ಕುಡೀರಿ ಅಂದ್ರ ಒಂದು ಊರ ನೀರು ಕುಡೀತೈತಿ ಅಂದೆ. ಬಾಯಿ ಮ್ಯಾಲೆ ಬಟ್ಟು ಇಟ್ಕೊಂಡ್ರು!"

ಅವಳು ಬಡಿಸಿಕೊಂಡ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. 'ಹೌದಪ್ಪಾ... ನಾನು ಕುಡೀರಿ ಅಂದೆ. ಅವರು ಕುಡಿಯುತ್ತಿದ್ದಾರೆ.'

ಎರಡು ದಿನ ಆ ತುಣುಕು ಕಂಡಾಗಲೆಲ್ಲ ಮುಖ ತಿರುಗಿಸಿದಳು. ಶನಿವಾರ ಮಧ್ಯಾಹ್ನ ಶೋಭಾರಾಣಿ ಮೇಡಂ ಫೋನ್ ಬಂತು.

"ಮಲ್ಲೇಶ್ವರಿ, ಒಂದು ಪೇಚು ಆಗೈತಿ. ಹಲ್ಲಿನ ಡಾಕ್ಟರ್ ಶಬೀನಾ ಅಂತ ಒಬ್ಬರು ಎಕ್ಕಿಹಾಳದ ಮಕ್ಕಳನ್ನ ನೋಡ್ಯಾರ. ನಾಲ್ವತ್ತರಾಗ ಮೂವತ್ತೊಂದು ಮಕ್ಕಳ ಹಲ್ಲು ಕಂದೈತಂತ! ಅವ್ರನ್ನ ಆ ಊರಿಗೆ ಕಳಿಸಿದಾವ ಯಾರೋ ದುರಗೇಶ ಅಂತ."

ಅವಳು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿ ಹಿಡಿದಳು. ಮೇಡಂ ಮುಂದುವರಿಸಿದರು.

"ಸೋಮವಾರ ಯಲಬುರ್ಗಾದಾಗ ಸಭಿ ಐತಿ. ಶುದ್ಧ ನೀರಿನ ಘಟಕ ಯಾವ ಊರಿಗೆ ಅಂತ ಅವತ್ತ ಪಟ್ಟಿ ಮುಗಿಸ್ತಾರ. ನಿನ್ನ ಅಂಕಿ ನೋಡಿ ಎಕ್ಕಿಹಾಳ ಬಿಟ್ಟಾರ. ನಿನ್ನ ಅಂಕಿ ಗಟ್ಟಿ ಐತಲ್ಲವಾ?"

"ನೋಡಿ... ಹೇಳ್ತೀನ್ರಿ ಮೇಡಂ."

ಫೋನ್ ಇಟ್ಟಳು. 'ಯಾರಿಗೂ ಕೇಳಿಸಿಲ್ಲ ಅಂದ! ಡಾಕ್ಟರನ್ನೇ ಕಳಿಸಿದ್ದಾನೆ!' ಸಮಾವೇಶದ ವಾಟ್ಸ್ಯಾಪ್ ಗುಂಪಿನಲ್ಲಿ ಅವನ ನಂಬರ್ ಹುಡುಕಿ ಒಂದೇ ಸಾಲು ಬರೆದಳು: 'ಹೇಳಿಬಿಟ್ಟಿರಲ್ಲ. ಸಮಾಧಾನ ಆಯಿತೇ?'

ಉತ್ತರ ಬರಲಿಲ್ಲ. ಅವನು ಓದಿದ ಗುರುತೂ ಇಲ್ಲ.

ಸಿಟ್ಟು ಒಂದು ತಾಸು ನಿಂತಿತು. ಅದು ಇಳಿದ ಮೇಲೆ ಉಳಿದದ್ದು ಒಂದೇ... ಮೂವತ್ತೊಂದು. ಮೂವತ್ತೊಂದು ಮಕ್ಕಳು!

'ಅವನು ಹೇಳಿದರೇನು, ಬಿಟ್ಟರೇನು? ಸ್ವತಃ ಎಂದು ಬರೆದದ್ದು ನನ್ನ ಕೈ.'

ಭಾನುವಾರ ಮೊದಲ ಬಸ್ಸಿಗೆ ಹೊರಟಳು. ಚೀಲದಲ್ಲಿ ಹನ್ನೆರಡು ಖಾಲಿ ಬಾಟಲಿ.

ಪಾರ್ವತೆಮ್ಮನ ಕಟ್ಟೆಯ ಮೇಲೆ ದುರಗೇಶ ಕುಳಿತಿದ್ದ! ಅವಳನ್ನು ಕಂಡು ಎದ್ದು ನಿಂತ. ಅವಳು ನೋಡಿಯೂ ನೋಡದಂತೆ ಅಜ್ಜಿಯ ಕಡೆ ತಿರುಗಿದಳು.

"ಬಾ ಯವ್ವಾ, ಬಾ! ಎಷ್ಟು ದಿನಾತು!" ಅಜ್ಜಿ ಸಡಗರದಿಂದ ಒಳಗೆ ಹೋಗಿ ತಂಬಿಗೆ ತಂದಳು. ಬಾಗಿಲ ಮರೆಯಲ್ಲಿ ಏಳೆಂಟು ವರ್ಷದ ಮೊಮ್ಮಗಳು ನಕ್ಕಳು. ನಗುವಾಗ ಬಾಯಿಗೆ ಅಂಗೈ ಅಡ್ಡ ಹಿಡಿದಳು.

ಮಲ್ಲೇಶ್ವರಿ ತಂಬಿಗೆ ಮುಟ್ಟಲಿಲ್ಲ.

"ಅಜ್ಜಿ, ಇದು ಬ್ಯಾಡ. ನೀವು ದಿನಾ ಕುಡಿಯೋ ನೀರು ಕೊಡ್ರಿ."

"ಅಯ್ಯ, ಅದ್ಯಾಕ! ಬಂದವ್ರಿಗೆ ಅದ್ನ ಕೊಡ್ತಾರೇನು?"

"ಅದಕ್ಕ ತಪ್ಪಾಗೈತಿ ಅಜ್ಜಿ..."

ನಿಂತಲ್ಲೇ ಎಲ್ಲ ಹೇಳಿದಳು. ಬಾಟಲಿ ಯಾಕೆ ಬೇಕಿತ್ತು, ಸೀ ನೀರು ತುಂಬಿದ್ದರಿಂದ ಏನಾಯಿತು, ಪಟ್ಟಿಯಲ್ಲಿ ಈ ಊರು ಯಾಕಿಲ್ಲ. ಹೇಳುತ್ತ ಹೇಳುತ್ತ ಅವಳ ಧ್ವನಿ ಇಳಿಯಿತು, ಅಜ್ಜಿಯ ಮುಖವೂ ಇಳಿಯಿತು.

"ಹಂಗಾರ... ನಮ್ಮ ಕೂಸುಗಳ ಬಾಯಿಗೆ ನಾವ ಮಣ್ಣು ಹಾಕಿದ್ವೇನು?"

"ಇಲ್ಲಜ್ಜಿ! ನೀವು ಬಂದಾಕಿಗೆ ಕೊಡೋದನ್ನ ಕೊಟ್ರಿ. ನಾನು ಮಾಡೋದನ್ನ ಮಾಡಲಿಲ್ಲ. ಎದ್ದು ಬೋರಿನ ತನಕ ಹೋಗಲಿಲ್ಲ. ಹೋಗೀನಿ ಅಂತ ಬರದೆ."

ಅವಳು ಕಾಲು ಮುಟ್ಟಲು ಬಾಗಿದಳು. ಅಜ್ಜಿ ಕಾಲು ಹಿಂದಕ್ಕೆ ತೆಗೆದುಕೊಂಡಳು.

"ನಾ ಸಾಲಿ ಕಲಿತಾಕಿ ಅಲ್ಲ. ನೀ ಕಲಿತಾಕಿ. ಯಾವ ನೀರು ತುಂಬಿದ್ರಿ ಅಂತ ಒಂದು ಮಾತು ಕೇಳಾಕ ಏನಾಗಿತ್ತು ನಿನಗ?"

ಮಲ್ಲೇಶ್ವರಿ ತಲೆ ತಗ್ಗಿಸಿ ನಿಂತಳು. ಬೈಗುಳಕ್ಕಿಂತ ಆ ಪ್ರಶ್ನೆ ಹೆಚ್ಚು ಸುಟ್ಟಿತು.

ಅಜ್ಜಿ ಒಳಗೆ ಹೋದಳು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಬೇರೆ ಲೋಟ ಇತ್ತು.

"ಹಿಡಿ. ಬೋರಿಂದು."

ಮಲ್ಲೇಶ್ವರಿ ಒಂದೇ ಗುಟುಕಿಗೆ ಕುಡಿದಳು. ಸವಳು ನಾಲಿಗೆಗೆ ಅಂಟಿಕೊಂಡಿತು. ಅಜ್ಜಿ ಸೆರಗಿನಿಂದ ಕಣ್ಣೊರೆಸಿಕೊಂಡು, "ನಡಿ, ಮೊದಲನೇ ಬೋರು ತೋರಿಸ್ತೀನಿ. ಉಳಿದಾವು ಇಂವಗ ಗೊತ್ತದಾವ," ಎಂದಳು.

ಬೋರಿನಿಂದ ಬೋರಿಗೆ ದುರಗೇಶ ಚೀಲ ಹೊತ್ತು ಹಿಂದೆ ಬಂದ. ಒಂದು ಮಾತಿಲ್ಲ. ಅವಳು ಪ್ರತಿ ಬಾಟಲಿಯನ್ನೂ ಅದೇ ನೀರಿನಲ್ಲಿ ಮೂರು ಸಲ ತೊಳೆದು, ತುಂಬಿ, ಮುಚ್ಚಳ ಬಿಗಿದು, ಚೀಟಿ ಅಂಟಿಸಿದಳು. ಐದನೆಯದು ಮುಗಿದ ಮೇಲೆ ಅವಳಿಗೆ ತಡೆಯಲಾಗಲಿಲ್ಲ.

"ನನ್ನ ಮೆಸೇಜಿಗೆ ಉತ್ತರ ಕೊಡಲಿಲ್ಲ ನೀವು."

"ನಿನ್ನೆ ಮುಂಜಾನಿಂದ ಇಲ್ಲೇ ಅದೀನ್ರಿ. ಇಲ್ಲಿ ಸಿಗ್ನಲ್ ಎಲ್ಲೈತಿ? ಏನ್ ಬರದಿದ್ರಿ?"

ಅವಳಿಗೆ ಆ ಸಾಲು ಬಾಯಲ್ಲಿ ಹೇಳಲು ನಾಚಿಕೆಯಾಯಿತು. ಆದರೂ ಹೇಳಿದಳು.

ದುರಗೇಶ ಚೀಲ ಕೆಳಗಿಟ್ಟ.

"ಶಬೀನಾ ಮೇಡಂಗೆ ನಾನ ಹೇಳಿದ್ದು, ಖರೆ. ಆದ್ರ ಬಾಟ್ಲಿ ಮಾತಲ್ರಿ. ಅವ್ರಿಗೆ ಹೇಳಿದ್ದು ಜನವರಿಯಾಗ, ನಿಮ್ಮ ಮಾರಿನೂ ನೋಡಿರಲಿಲ್ಲ ನಾನು."

"ಮತ್ತೇನ್ ಹೇಳಿದ್ರಿ?"

ಅವನು ಕನ್ನಡಕ ತೆಗೆದು ಒರೆಸತೊಡಗಿದ. ಮುಖ ಎತ್ತಲಿಲ್ಲ.

"ಇಲ್ಲಿ ಮಕ್ಕಳ ಮಾತು ರೆಕಾರ್ಡ್ ಮಾಡಿದ್ರ ಸ್ಪಷ್ಟ ಬರ್ತಿರಲಿಲ್ಲ. ಮಾತಾಡುವಾಗ, ನಗುವಾಗ ಬಾಯಿಗೆ ಕೈ ಅಡ್ಡ. ಜಪಾನಿನಾಗ ಹೆಣ್ಮಕ್ಕಳು ಹಂಗ ಮಾಡ್ತಾರ ಅಂತ ಓದಿದ್ದೆ. ಇದೂ ಮರ್ಯಾದಿ ಅಂತ ತಿಳಕೊಂಡು ಹದಿನೆಂಟು ಪುಟ ಬರದೆ! ನಮ್ಮ ಪ್ರೊಫೆಸರ್ ಭಾಳ ಹೊಗಳಿದ್ರು. ಆಮ್ಯಾಲೆ ಒಂದಿನ ಅಜ್ಜಿ ಮೊಮ್ಮಗಳು ನಿದ್ದಿಗಣ್ಣಾಗ ಆಕಳಿಸಿದ್ಲು..."

ಅವನು ಕನ್ನಡಕ ಮತ್ತೆ ಏರಿಸಿದ.

"ಹಲ್ಲು ಕಂಡ್ವು. ಅದು ಮರ್ಯಾದಿ ಅಲ್ರಿ. ನಾಚಿಕಿ. ಒಂದು ಕೂಸಿನ ನಾಚಿಕಿಗೆ ನಾನು ಛಂದನ ಹೆಸರಿಟ್ಟು ಹೊಗಳಿಸ್ಕೊಂಡಿದ್ದೆ. ಅವತ್ತ ಡಾಕ್ಟರ್‌ಗೆ ಫೋನ್ ಮಾಡಿದೆ. ಪ್ರೊಫೆಸರ್‌ಗೆ ಮಾತ್ರ ಇನ್ನೂ ಹೇಳಿಲ್ಲ."

ಮಲ್ಲೇಶ್ವರಿ ಅವನನ್ನೇ ನೋಡಿದಳು. ಇಷ್ಟು ದಿನ ತನ್ನನ್ನು ಅಳೆಯಲು ಬಂದವನೆಂದುಕೊಂಡಿದ್ದಳು. ಅವನೂ ತನ್ನಂತೆಯೇ ಮುಖ ಮುಚ್ಚಿಕೊಂಡು ತಿರುಗುತ್ತಿದ್ದ!

"ಏಳನೇದು ಯಾಕ ಬಿಟ್ರಿ ಅವತ್ತು?" ಎಂದು ಮೆಲ್ಲಗೆ ಕೇಳಿದಳು. ಕೇಳಬೇಕಾಗಿದ್ದ ಪ್ರಶ್ನೆ ನಾಲ್ಕು ದಿನ ತಡವಾಗಿತ್ತು.

"ನೂರು ಮಂದಿ ಮುಂದ ಪ್ರಶ್ನಿ ಕೇಳಿದ್ದ ನನ್ನ ತಪ್ಪು. ನಿಮ್ಮ ಮಾರಿ ಬಾಡಿದ್ದು ನೋಡಿ ನನಗ ಸಂಕಟ ಆತು. ಮತ್ತೊಮ್ಮಿ ನೋಡಾಕ ಆಗ್ತಿರಲಿಲ್ಲ."

"ಇವತ್ತು ನಾನು ಬರದಿದ್ರ?"

"ನಾಳೆ ಸಭಿಯಾಗ ನಾನ ಹೇಳಬೇಕಾಗ್ತಿತ್ತು," ಎಂದ ಅವನು, ನೇರವಾಗಿ. "ಅದ್ನ ನೆನಸಿ ಅನ್ನ ಸೇರಿಲ್ಲ. ಆದ್ರ ನೀವು ಬರ್ತೀರಿ ಅನಿಸಿತ್ತು. ಅದಕ್ಕ ಕಟ್ಟಿ ಮ್ಯಾಲೆ ಕುಂತಿದ್ದೆ."

ಅವಳು ಬಾಗಿದಳು. ಚೀಲದ ಒಂದು ಹಿಡಿಕೆಯನ್ನು ತಾನು ಹಿಡಿದಳು, ಇನ್ನೊಂದನ್ನು ಅವನಿಗೆ ಬಿಟ್ಟಳು. ಆರನೆಯ ಬೋರಿನ ಕಡೆ ಇಬ್ಬರೂ ನಡೆದರು.

ಸೋಮವಾರ ಮುಂಜಾನೆ ಕೊಪ್ಪಳದ ಲ್ಯಾಬ್ ತೆಗೆಸಿ ಪರೀಕ್ಷೆಗೆ ಕುಳಿತಳು. ಮೂರು ಪಾಯಿಂಟ್ ಒಂದು. ನಾಲ್ಕು ಪಾಯಿಂಟ್ ಎರಡು. ಎರಡು ಪಾಯಿಂಟ್ ಒಂಬತ್ತು... ಹನ್ನೆರಡರಲ್ಲಿ ಒಂದೂ ಇನ್ನೊಂದರಂತಿರಲಿಲ್ಲ. ಒಂದೂ ಕುಡಿಯುವ ನೀರಾಗಿರಲಿಲ್ಲ.

ಶೋಭಾರಾಣಿ ಮೇಡಂ ಅಂಕಿ ನೋಡಿದರು. ಅವಳು ಎಲ್ಲ ಹೇಳುವವರೆಗೆ ಸುಮ್ಮನೆ ಕೇಳಿದರು. ಆಮೇಲೆ ಬಾಗಿಲು ಮುಂದೆ ಮಾಡಿದರು.

"ಆ ಪ್ರಬಂಧದಾಗ ನನ್ನ ಹೆಸರೂ ಐತಿ, ಗೊತ್ತೈತಿಲ್ಲ? ಹಿಂಗ ಮಾಡು. ಹೊಸ ಅಂಕಿ ಕೊಟ್ಟುಬಿಡು. ವರ್ಷದಾಗ ನೀರು ಕೆಟ್ಟೈತಿ ಅನ್ನು. ಊರಿಗೆ ಘಟಕ ಸಿಗ್ತೈತಿ, ನಿನಗ ಡಿಗ್ರಿ ಸಿಗ್ತೈತಿ. ಯಾರಿಗೇನ್ ಕಳಕೊಳ್ಳೋದೈತಿ?"

ಎಷ್ಟು ಸಲೀಸು! ಒಂದೇ ಸಾಲು. ಹೋದ ವರ್ಷವೂ 'ಸ್ವತಃ' ಎಂಬ ಒಂದೇ ಪದವಾಗಿತ್ತು.

ಹಾಗೆ ಹೇಳಿದರೆ ತಪ್ಪು ನೀರಿನದಾಗುತ್ತದೆ, ತನ್ನದಲ್ಲ. ಆ ಊರಿನ ಮಕ್ಕಳ ಹಲ್ಲು ಇಷ್ಟು ವರ್ಷ ಕಂದಿದ್ದೇ ಸುಳ್ಳಾಗುತ್ತದೆ. ಅಜ್ಜಿಯ ಪ್ರಶ್ನೆ ಅವಳ ಕಿವಿಯಲ್ಲೇ ಇತ್ತು.

"ನೀರು ಕೆಟ್ಟಿಲ್ರಿ ಮೇಡಂ. ಮೊದಲಿಂದ ಹಿಂಗ ಇತ್ತು. ನಾನು ಹೋಗಿ ನೋಡಿರಲಿಲ್ಲ."

"ನಿನ್ನ ಮೂರು ವರ್ಷ ಹಾಳಾಗ್ತಾವ!"

"ಹೌದ್ರಿ."

ಯಲಬುರ್ಗಾದ ಸಭೆಯಲ್ಲಿ ಇಪ್ಪತ್ತು ಜನರಿದ್ದರು. ಡಾಕ್ಟರ್ ಶಬೀನಾ ಮಕ್ಕಳ ಹಲ್ಲಿನ ಫೋಟೋಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದರು. ಬಾಗಿಲ ಬಳಿ ಗೋಡೆಗೆ ಒರಗಿ ದುರಗೇಶ. ಮಲ್ಲೇಶ್ವರಿ ಎದ್ದು ನಿಂತಳು.

"ಎಕ್ಕಿಹಾಳದ ಬಗ್ಗೆ ನಾನು ಕೊಟ್ಟ ಅಂಕಿ ಸುಳ್ಳದಾವ್ರಿ," ಎಂದಳು. "ಬಾಟ್ಲಿ ನಾನು ತುಂಬಿರಲಿಲ್ಲ. ತುಂಬೀನಿ ಅಂತ ಬರದೆ. ಹೋದ ವಾರ ಕೊಪ್ಪಳದಾಗ ನೂರು ಮಂದಿ ಮುಂದ ಹಂಗ ಹೇಳಿದೆ. ತಪ್ಪು ನಂದ. ಆ ಊರ ಹೆಣ್ಮಕ್ಕಳದು ಅಲ್ಲ, ನಮ್ಮ ಮೇಡಂದೂ ಅಲ್ಲ."

ಯಾರೋ ಲೊಚಗುಟ್ಟಿದರು. ಇನ್ಯಾರೋ "ಇಂಥಾವ್ರಿಗೆ ಪಿಎಚ್‌ಡಿ ಬ್ಯಾರೆ," ಎಂದದ್ದು ಸರಿಯಾಗಿಯೇ ಕೇಳಿಸಿತು. ಅವಳು ತಲೆ ತಗ್ಗಿಸಲಿಲ್ಲ, ಎತ್ತಲೂ ಇಲ್ಲ. ಬಿದ್ದ ಮಾತುಗಳನ್ನು ಬಿದ್ದ ಹಾಗೆ ತೆಗೆದುಕೊಂಡಳು.

ಪಟ್ಟಿ ಮಾಡುತ್ತಿದ್ದ ಅಧಿಕಾರಿ ಅವಳ ಹೊಸ ಹಾಳೆಯನ್ನು ತಿರುವಿ ನೋಡಿ ಕೇಳಿದರು: "ಮತ್ತ ಈ ಹನ್ನೆರಡು ಬಾಟ್ಲಿ ಯಾರು ತುಂಬಿದ್ರವಾ?"

"ನಾನೇ ತುಂಬೀನ್ರಿ."

ಈ ಸಲ ಧ್ವನಿ ಸಣ್ಣಗಿತ್ತು. ಆದರೆ ಬಾಗಿಲ ಬಳಿ ನಿಂತವನಿಗೂ ಕೇಳಿಸಿತು.

ಡಾಕ್ಟರ್ ಶಬೀನಾ ಫೋಟೋಗಳನ್ನು ಅಧಿಕಾರಿಯ ಮುಂದೆ ಸರಿಸಿ, "ಈಗ ಎರಡಕ್ಕೂ ತಾಳ ಕೂಡ್ತು ನೋಡ್ರಿ," ಎಂದಷ್ಟೇ ಹೇಳಿದರು. ಎಕ್ಕಿಹಾಳ ಪಟ್ಟಿಗೆ ಸೇರಿತು.

ಮೆಟ್ಟಿಲು ಇಳಿಯುವಾಗ ಶೋಭಾರಾಣಿ ಮೇಡಂ ಅವಳೊಂದಿಗೆ ಮಾತಾಡಲಿಲ್ಲ. ಪ್ರಬಂಧ ಹಿಂದಕ್ಕೆ ಪಡೆಯಬೇಕು, ಎಲ್ಲ ಹಳ್ಳಿಗಳ ನೀರನ್ನೂ ಮತ್ತೆ ತೆಗೆಯಬೇಕು. ಡಿಗ್ರಿ ಇನ್ನೂ ಒಂದೆರಡು ವರ್ಷ ದೂರ ಹೋಯಿತು, ಅದೂ ಸಮಿತಿ ಒಪ್ಪಿದರೆ. ಅವಳು ಅಪ್ಪನಿಗೆ ಫೋನ್ ಹಚ್ಚಿ ಎಲ್ಲ ಹೇಳಿದಳು. ಆ ಕಡೆ ಬಹಳ ಹೊತ್ತು ಮಿಲ್ಲಿನ ಸದ್ದಷ್ಟೇ ಕೇಳಿಸಿತು.

"ಕಿಸೇದಾಗ ಆ ಪೇಪರ್ ಐತಲ್ಲವಾ..." ಎಂದ ಹನಮಪ್ಪ ಕೊನೆಗೆ. "ತಗೀತೀನಿ ತಡಿ."

"ತಗೀ ಅಪ್ಪಾ."

"ತಗದು... ಮಂದಿಗೆ ಖರೇ ಏನಂತ ನಾನ ಹೇಳ್ತೀನಿ. ಸುಳ್ಳಿಗೆ ಸುಳ್ಳು ಅಂದ್ಲು ನನ್ನ ಮಗಳು ಅಂತ. ಉಂಡಿಯೇನು?"

ಅವಳು ಬಸ್‌ಸ್ಟ್ಯಾಂಡಿನಲ್ಲೇ ಅತ್ತುಬಿಟ್ಟಳು.

ಕೊಪ್ಪಳದ ಬಸ್ಸಿನಲ್ಲಿ ದುರಗೇಶ ಪಕ್ಕದ ಸೀಟಿನಲ್ಲಿ ಬಂದು ಕುಳಿತ. ಕುಕನೂರು ದಾಟುವವರೆಗೆ ಇಬ್ಬರೂ ಕಿಟಕಿಯ ಹೊರಗೆ ನೋಡಿದರು. ಆಮೇಲೆ ಅವನು ಹೇಳಿದ.

"ನಿನ್ನೆ ರಾತ್ರಿ ಆ ಹದಿನೆಂಟು ಪುಟ ಕಿತ್ತು ಹಾಕಿದೆ. ಪ್ರೊಫೆಸರ್‌ಗೆ ಬರದು ತಿಳಿಸಿದೆ."

"ಬೈದ್ರೇನು?"

"ಜಪಾನಿಯಾಗ ಬೈದ್ರು. ಭಾಳ ಮರ್ಯಾದಿಯಿಂದ."

ಮಲ್ಲೇಶ್ವರಿಗೆ ನಗು ಬಂದುಬಿಟ್ಟಿತು! ಎಷ್ಟು ದಿನಗಳ ಮೇಲೆ ಬಂದ ನಗುವೋ... ಕೈ ತಾನಾಗಿಯೇ ಬಾಯಿಗೆ ಅಡ್ಡ ಹೋಯಿತು. ಇಂಥ ದಿನ ನಗಬಹುದೇ?

"ಕೈ ತಗೀರಿ," ಎಂದ ಅವನು ಮೆಲ್ಲಗೆ. "ನನ್ನ ಮುಂದರ ತಗೀರಿ."

ಅವಳು ಕೈ ಇಳಿಸಿದಳು. ಅದು ಸೀಟಿನ ಮೇಲೆ ಅವನ ಕೈಯ ಪಕ್ಕದಲ್ಲೇ ಬಿತ್ತು. ಯಾರೂ ಸರಿಸಲಿಲ್ಲ.

"ನನ್ನ ತಪ್ಪು ಎಲ್ಲಾರಕಿಂತ ಮೊದಲು ನಿಮಗ ಗೊತ್ತಾತು," ಎಂದಳು. "ನಾಚಿಕಿ ಆಗ್ತೈತಿ ನಿಮ್ಮನ್ನ ನೋಡಾಕ."

"ನಂದು ನಿಮಗ ಗೊತ್ತಾಗೈತಿ. ಲೆಕ್ಕ ಸರಿ ಹೋತಲ್ರಿ." ಅವನ ಧ್ವನಿ ತಡವರಿಸಿತು. "ಮಲ್ಲೇಶ್ವರಿ... ನಾಲ್ಕು ವರ್ಷ ಊರೂರು ತಿರುಗಿ ಮಂದಿ ಮಾತು ಕೂಡಿಸೀನಿ. ಹೇಳಬೇಕಾದ ಒಂದು ಮಾತು ಹೆಂಗ ಹೇಳಬೇಕಂತ ಮಾತ್ರ ತಿಳೀವಲ್ದು."

ಬಸ್ಸು ವೇಗ ತಗ್ಗಿಸಿತು. ಕಂಡಕ್ಟರ್ "ತಳಕಲ್! ತಳಕಲ್!" ಎಂದು ಕೂಗಿದ.

"ನಮ್ಮೂರು ಬಂತು," ಎಂದ ದುರಗೇಶ. "ನಮ್ಮವ್ವ ಮನ್ಯಾಗ ಅದಾಳ. ಮುಂದಿನ ಬಸ್ಸಿನ ತನಕ... ಇಳೀತೀರೇನ್ರಿ?"

"ಇಳಿದ್ರ ಕುಡಿಯಾಕ ಯಾವ ನೀರು ಕೊಡ್ತೀರಿ?"

"ಅದೇನ್ ಕೇಳ್ತೀರಿ? ಬಂದವ್ರಿಗೆ ಸೀ ನೀರು."

"ಮನಿಯವ್ರಿಗೆ?"

ಅವನು ತಿರುಗಿ ಅವಳನ್ನು ನೋಡಿದ. ಅವಳು ಕಣ್ಣು ತಪ್ಪಿಸಲಿಲ್ಲ.

"ಮನಿಯವ್ರಿಗೆ... ಇದ್ದ ನೀರು."

"ನನಗ ಅದನ್ನ ಕೊಡ್ರಿ," ಎಂದು ಮಲ್ಲೇಶ್ವರಿ ಚೀಲ ಎತ್ತಿಕೊಂಡು ಅವನಿಗಿಂತ ಮೊದಲು ಇಳಿದಳು.